ಅನ್ಯಗ್ರಹದವರು ನಮ್ಮ ದಾಯಾದಿಗಳೇ?

2003ರಲ್ಲಿ ತೆರೆಕಂಡ ‘ಕೋಯಿ ಮಿಲ್ ಗಯಾ’ ಸಿನಿಮಾದ ಜಾದೂ ನೀಲಿ ಮೈಯವನು. ತಲೆ ದೊಡ್ಡದು, ಕಣ್ಣು ಅಗಲ, ಬಿಸಿಲಿನಿಂದಲೇ ಶಕ್ತಿ. ಆದರೂ ಅವನಿಗಿರುವುದು ಎರಡು ಕಣ್ಣು, ಎರಡು ಕೈ, ಎರಡು ಕಾಲು. 2014ರ ‘ಪಿಕೆ’ಯಲ್ಲಿ ಅಷ್ಟು ವ್ಯತ್ಯಾಸವೂ ಇಲ್ಲ, ಬೇರೆ ಗ್ರಹದಿಂದ ರಾಜಸ್ಥಾನದ ಮರಳಿಗೆ ಇಳಿದವನು ನೋಡಲು ಥೇಟ್ ಮನುಷ್ಯನೇ. ಅಮೆರಿಕದ ‘ಸ್ಟಾರ್ ಟ್ರೆಕ್’ ಸರಣಿಯ ಸ್ಪಾಕ್‌ಗೆ ಕಿವಿ ಚೂಪು, ರಕ್ತ ಹಸಿರು, ಆದರೆ ಅವನ ತಾಯಿ ಭೂಮಿಯ ಹೆಂಗಸು. ನಕ್ಷತ್ರಗಳ ನಡುವೆ ಹಡಗು ಓಡಿಸುವಷ್ಟು ಮುಂದುವರಿದ ಜನ ಎಲ್ಲಿಂದಲೇ ಬರಲಿ, ಬಂದು ನಿಂತಾಗ ನಮ್ಮಂತೆಯೇ ಎರಡು ಕಾಲಿನ ಮೇಲೆ ನಿಲ್ಲುತ್ತಾರೆ. ಅವರಿಗೂ ನಮಗೂ ಮೂಲ ಒಂದೇ ಇರಬಹುದೇ ಎಂಬ ಪ್ರಶ್ನೆ ವಿಜ್ಞಾನ ಕಥೆಗಳ ಓದುಗರಲ್ಲಿ ದಶಕಗಳಿಂದ ಚರ್ಚೆಯಲ್ಲಿದೆ.

ತೆರೆಯ ಮಟ್ಟಿಗೆ ಉತ್ತರ ಸರಳ. ವೇಷದ ಒಳಗೆ ಒಬ್ಬ ನಟ ಇರಲೇಬೇಕಿತ್ತು. 1966ರಲ್ಲಿ ‘ಸ್ಟಾರ್ ಟ್ರೆಕ್’ ಶುರುವಾದಾಗ ಒಂದಾದ ಮೇಲೊಂದು ಹೊಸ ಗ್ರಹ, ಒಂದೊಂದಕ್ಕೂ ಹೊಸ ಜನ ಬೇಕಾಗಿದ್ದರು. ಪ್ರಸಾಧನದವರ ಕೈಯಲ್ಲಿದ್ದದ್ದು ಬಣ್ಣ, ಅಂಟು, ರಬ್ಬರು. ಹಣೆಗೊಂದು ಉಬ್ಬು ಅಂಟಿಸಿದರೆ ಹೊಸ ಜನಾಂಗ ಸಿದ್ಧ. ಅಲ್ಲದೆ ನೋಡುವವರು ಆ ಮುಖದ ಮೇಲಿನ ನೋವು, ಸಿಟ್ಟು, ಕರುಣೆಯನ್ನು ಗುರುತಿಸಬೇಕಲ್ಲ. ಪುಸ್ತಕ ಬರೆಯುವವರಿಗೆ ಈ ಕಟ್ಟುಪಾಡು ಇರಲಿಲ್ಲ. ಎಚ್.ಜಿ. ವೆಲ್ಸ್ 1898ರಲ್ಲೇ ಮಂಗಳ ಗ್ರಹದವರನ್ನು ಬಳ್ಳಿಗೈಗಳ, ದೊಡ್ಡ ತಲೆಯ ಮುದ್ದೆಗಳಾಗಿ ಕಲ್ಪಿಸಿದ್ದ. ಪೋಲೆಂಡಿನ ಸ್ತಾನಿಸ್ವಾಫ್ ಲೆಮ್ 1961ರ ‘ಸೊಲಾರಿಸ್’ ಕಾದಂಬರಿಯಲ್ಲಿ ಇಡೀ ಗ್ರಹವನ್ನು ಮುಚ್ಚಿದ ಸಮುದ್ರವನ್ನೇ ಒಂದು ಜೀವಿಯಾಗಿಸಿದ. ಅದರ ಜೊತೆ ಮಾತಾಡಲು ಹೋದ ವಿಜ್ಞಾನಿಗಳಿಗೆ ಕಡೆಯವರೆಗೂ ಅದೇನೆಂದು ತಿಳಿಯುವುದಿಲ್ಲ.

ಆದರೆ ಅಭಿಮಾನಿಗಳಿಗೆ ಪ್ರಸಾಧನದ ಕಾರಣ ಸಾಲದು. ಅವರು ಕಥೆಯ ಒಳಗಿನಿಂದಲೇ ಕಾರಣ ಕೇಳುತ್ತಾರೆ. ನೂರಾರು ಗ್ರಹಗಳಲ್ಲಿ ಒಂದೇ ಆಕಾರದ ಜನ ಹೇಗೆ ಹುಟ್ಟಿದರು? ಹುಟ್ಟಿದರೂ ಒಬ್ಬರನ್ನೊಬ್ಬರು ಮದುವೆಯಾಗಿ ಮಕ್ಕಳನ್ನು ಪಡೆಯುವುದು ಹೇಗೆ? ಈ ಪ್ರಶ್ನೆಗೆ ‘ಸ್ಟಾರ್ ಟ್ರೆಕ್’ನವರು 1993ರಲ್ಲಿ ಒಂದು ಇಡೀ ಕಂತಿನಲ್ಲಿ ಉತ್ತರ ಕೊಟ್ಟರು. ಶತಕೋಟಿಗಟ್ಟಲೆ ವರ್ಷಗಳ ಹಿಂದೆ ಬದುಕಿದ್ದ ಒಂದು ಜನಾಂಗ ಆಕಾಶವನ್ನೆಲ್ಲ ಹುಡುಕಿ ತಮ್ಮಂಥವರು ಯಾರೂ ಇಲ್ಲವೆಂದು ಕಂಡುಕೊಂಡಿತಂತೆ. ಆ ಒಂಟಿತನದಿಂದ ಹಲವು ಗ್ರಹಗಳ ಕಡಲಿನಲ್ಲಿ ತಮ್ಮ ಜೀವಬೀಜ ಬಿತ್ತಿ ಅಳಿದುಹೋಯಿತಂತೆ. ಮನುಷ್ಯರು, ಅವರ ಬದ್ಧವೈರಿಗಳು, ವೈರಿಗಳ ವೈರಿಗಳು ಎಲ್ಲರೂ ಅದೇ ಬಿತ್ತನೆಯ ಪೈರು. ಈ ಸಂದೇಶ ಕೇಳಿದ ಮೇಲೆ ಕಥೆಯಲ್ಲಿ ನಡೆಯುವುದು ಗಮನಿಸುವಂಥದ್ದು. ಯಾರೂ ತಬ್ಬಿಕೊಳ್ಳುವುದಿಲ್ಲ. ದೊಡ್ಡ ಆಯುಧ ಸಿಗುತ್ತದೆಂದು ಬಂದಿದ್ದವರು ಸಿಟ್ಟಾಗುತ್ತಾರೆ. ಅವರ ಜೊತೆ ನಮಗೆ ರಕ್ತಸಂಬಂಧವೇ ಎಂದು ಕೆರಳುತ್ತಾರೆ.

ಪುರಾಣ ಕೇಳಿ ಬೆಳೆದ ಕನ್ನಡದ ಓದುಗರಿಗೆ ಇದು ಪರಿಚಿತ ಕಥೆ. ಕಶ್ಯಪ ಮುನಿಗೆ ಹಲವು ಹೆಂಡಿರು. ಅದಿತಿಯ ಮಕ್ಕಳು ದೇವತೆಗಳು, ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು. ಕದ್ರುವಿಗೆ ನಾಗಗಳು ಹುಟ್ಟಿದರೆ ವಿನತೆಗೆ ಅರುಣ, ಗರುಡ. ಬೇರೆ ಬೇರೆ ಲೋಕ, ಬೇರೆ ಬೇರೆ ರೂಪ, ಬೇರೆ ಬೇರೆ ಶಕ್ತಿ, ತಂದೆ ಮಾತ್ರ ಒಬ್ಬನೇ. ಹಾಗೆಂದು ಅವರೇನೂ ಅನ್ಯೋನ್ಯವಾಗಿರಲಿಲ್ಲ. ಗರುಡನಿಗೆ ನಾಗಗಳೇ ಆಹಾರ. ದೇವದಾನವರ ಜಗಳ ಪುರಾಣದ ಉದ್ದಕ್ಕೂ ಹರಿದಿದೆ. ದೂರದ ಲೋಕದವರಿಗೂ ನಮಗೂ ಮೂಲ ಒಂದೇ ಎಂದು ಕಲ್ಪಿಸುವುದರಲ್ಲಿ ನಮ್ಮ ಪುರಾಣಕಾರರು ಯಾವ ಹಾಲಿವುಡ್ಡಿಗೂ ಹಿಂದೆ ಬಿದ್ದಿರಲಿಲ್ಲ. ಮೂಲ ಒಂದಾದ ಮಾತ್ರಕ್ಕೆ ರೂಪ ಒಂದಾಗಬೇಕಿಲ್ಲ, ಮನಸ್ಸಂತೂ ಒಂದಾಗುವುದೇ ಇಲ್ಲ ಎಂಬುದನ್ನೂ ಅವರು ಕಂಡಿದ್ದರು.

ಕನ್ನಡದ ವಿಜ್ಞಾನ ಕಥೆಯೂ ಈ ದಾರಿಯಲ್ಲಿ ನಡೆದದ್ದುಂಟು. ರಾಜಶೇಖರ ಭೂಸನೂರಮಠ ಈ ಪ್ರಕಾರವನ್ನು ಕನ್ನಡದಲ್ಲಿ ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು. ‘ಮನು’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪಿ.ಎನ್. ರಂಗನ್ ತಮ್ಮ ‘ಮಹಾಸಂಪರ್ಕ’ ಕಾದಂಬರಿಯಲ್ಲಿ ಮಹಾಭಾರತದ ಕಥೆಯನ್ನೇ ಅನ್ಯಗ್ರಹ ಜೀವಿಗಳ ಜೊತೆ ಬೆಸೆದರು. ಕಾದಂಬರಿಗೆ ಆ ಸ್ವಾತಂತ್ರ್ಯ ಇದ್ದೇ ಇದೆ. ಇದೇ ಕಲ್ಪನೆಯನ್ನು ಇತಿಹಾಸವೆಂದು ಮಾರಲು ಹೊರಟಾಗ ಮಾತ್ರ ಎಚ್ಚರ ಬೇಕು. 1968ರಲ್ಲಿ ಎರಿಕ್ ಫಾನ್ ಡ್ಯಾನಿಕೆನ್ ಪಿರಮಿಡ್ಡಿನಂಥ ಪುರಾತನ ನಿರ್ಮಾಣಗಳ ಹಿಂದೆ ಆಕಾಶದಿಂದ ಬಂದವರ ಕೈವಾಡವಿದೆ ಎಂಬ ವಾದವನ್ನು ಪುಸ್ತಕ ಮಾಡಿ ಜಗತ್ತಿನಾದ್ಯಂತ ಹೆಸರಾದ. ಅದನ್ನು ಒಪ್ಪಿದರೆ ಕಲ್ಲು ಕಡಿದ, ಹೊತ್ತ, ಲೆಕ್ಕ ಹಾಕಿದ ಸಾವಿರಾರು ಕೈಗಳ ದುಡಿಮೆಯನ್ನು ಅಳಿಸಿದಂತಾಗುತ್ತದೆ.

ವಿಜ್ಞಾನಿಗಳು ಏನೆನ್ನುತ್ತಾರೆ? ಸ್ಪಾಕ್‌ನ ಹುಟ್ಟಿನ ಬಗ್ಗೆ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಎತ್ತಿದ ಆಕ್ಷೇಪ ಪ್ರಸಿದ್ಧ. ಬೇರೆ ಗ್ರಹದಲ್ಲಿ ಸ್ವತಂತ್ರವಾಗಿ ವಿಕಾಸವಾದ ಜೀವಿಯ ಜೊತೆ ಮನುಷ್ಯನಿಗೆ ಸಂತಾನವಾಗುವುದಕ್ಕಿಂತ ಭೂಮಿಯ ಒಂದು ಸಸ್ಯದ ಜೊತೆ ಆಗುವುದು ಹೆಚ್ಚು ಸಂಭವನೀಯ ಎಂಬುದು ಅವರ ವಾದದ ಸಾರ. ಗಿಡವೂ ನಾವೂ ಒಂದೇ ಮೂಲದಿಂದ ಬಂದವರು. ಇಬ್ಬರ ಜೀವಕೋಶದಲ್ಲೂ ಒಂದೇ ಡಿಎನ್‌ಎ ಲಿಪಿ. ಬೇರೆ ಗ್ರಹದವನಿಗೆ ಆ ನಂಟೂ ಇರುವುದಿಲ್ಲ.

ಇರುವುದಿಲ್ಲ ಎಂದು ಖಚಿತವಾಗಿ ಹೇಳಬಹುದೇ? ಇಲ್ಲಿ ವಾದಕ್ಕೆ ನಿಜವಾದ ತಿರುವು ಇದೆ. ಜೀವ ಭೂಮಿಯಲ್ಲೇ ಹುಟ್ಟಿರಬೇಕಿಲ್ಲ, ಬಾಹ್ಯಾಕಾಶದ ದೂಳು, ಧೂಮಕೇತು, ಉಲ್ಕೆಗಳ ಮೂಲಕ ಬಂದಿರಬಹುದು ಎಂಬ ಚಿಂತನೆಗೆ ಪ್ಯಾನ್‌ಸ್ಪರ್ಮಿಯಾ ಎಂದು ಹೆಸರು. ಬ್ರಿಟನ್ನಿನ ಫ್ರೆಡ್ ಹಾಯ್ಲ್ ಮತ್ತು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ ಇದರ ಕಟ್ಟಾ ಪ್ರತಿಪಾದಕರು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1973ರಲ್ಲಿ ಲೆಸ್ಲಿ ಆರ್ಗೆಲ್ ಜೊತೆ ಸೇರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮುಂದುವರಿದ ಯಾವುದೋ ನಾಗರಿಕತೆ ಸೂಕ್ಷ್ಮಜೀವಿಗಳನ್ನು ನೌಕೆಯಲ್ಲಿ ತುಂಬಿ ಬೇಕೆಂದೇ ಇಲ್ಲಿಗೆ ಕಳಿಸಿರಬಹುದೇ ಎಂದು ಗಂಭೀರ ವಿಜ್ಞಾನ ಪತ್ರಿಕೆಯಲ್ಲೇ ಕೇಳಿದರು. ಬ್ಯಾಕ್ಟೀರಿಯಾದಿಂದ ಆಲದ ಮರದವರೆಗೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅನುವಂಶಿಕ ಸಂಕೇತ ಇರುವುದು ಅವರನ್ನು ಯೋಚನೆಗೆ ಹಚ್ಚಿತ್ತು. ಟಿವಿ ಕಥೆಗಾರರು ಇಪ್ಪತ್ತು ವರ್ಷದ ನಂತರ ಹೇಳಿದ್ದು ಬಹುಮಟ್ಟಿಗೆ ಇದನ್ನೇ.

ಈ ಹುಡುಕಾಟದಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೊ ಕೂಡ ಕೈಹಾಕಿದೆ. 2005ರ ಏಪ್ರಿಲ್ 20ರಂದು ಹೈದರಾಬಾದಿನ ಬಲೂನ್ ಕೇಂದ್ರದಿಂದ ಒಂದು ಬೃಹತ್ ಬಲೂನು ಮೇಲೇರಿತು. 459 ಕಿಲೋ ಉಪಕರಣ, ಅದನ್ನು ತಂಪಾಗಿಡಲು 38 ಕಿಲೋ ದ್ರವ ನಿಯಾನ್. 20ರಿಂದ 41 ಕಿಲೋಮೀಟರ್ ಎತ್ತರದ ನಡುವೆ ಅದು ಗಾಳಿಯ ಮಾದರಿ ಹಿಡಿಯಿತು. ಹಾಯ್ಲ್ ಅವರ ಶಿಷ್ಯ, ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನೂ ಬರೆದ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಪ್ರಯೋಗದ ಮುಂದಾಳು. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಬೆಂಬಲಕ್ಕಿದ್ದರು. ಮಾದರಿಯಲ್ಲಿ 12 ಬ್ಯಾಕ್ಟೀರಿಯಾ, 6 ಶಿಲೀಂಧ್ರ ಗುಂಪುಗಳು ಸಿಕ್ಕವು. ಮೂರು ಹೊಸ ಪ್ರಭೇದಗಳೆಂದು 2009ರಲ್ಲಿ ಪ್ರಕಟವಾಯಿತು. ಒಂದಕ್ಕೆ ಹಾಯ್ಲ್ ಹೆಸರು, ಒಂದಕ್ಕೆ ಇಸ್ರೊ ಹೆಸರು, ಮತ್ತೊಂದಕ್ಕೆ ಆರ್ಯಭಟನ ಹೆಸರು. ಅವು ಅನ್ಯಲೋಕದಿಂದ ಬಂದವು ಎಂದು ಇಸ್ರೊ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ, ಅವುಗಳ ಡಿಎನ್‌ಎ ನೆಲದ ಬ್ಯಾಕ್ಟೀರಿಯಾಗಳಿಗೆ ತೀರ ಹತ್ತಿರದ್ದಾಗಿತ್ತು. ಆರ್ಯಭಟನ ಹೆಸರಿನದು ಮುಂದೆ ಹೊಲದ ಮಣ್ಣಿನಲ್ಲಿ, ಸೋಯಾ ಅವರೆಯ ಬೇರಿನ ಸುತ್ತ ಕೂಡ ಸಿಕ್ಕಿತು.

ಆಕಾಶದಿಂದ ಕಲ್ಲು ಬೀಳುವುದಂತೂ ನಿಜ. 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಉಲ್ಕಾಶಿಲೆ ಮಂಗಳ ಗ್ರಹದ ತುಣುಕು ಎಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಗೊತ್ತಾಯಿತು. ಅಂಥ ಶಿಲೆಗಳ ಒಂದು ಇಡೀ ವರ್ಗಕ್ಕೆ ಆ ಊರಿನ ಹೆಸರೇ ಉಳಿದಿದೆ. ಅಂದರೆ ಗ್ರಹದಿಂದ ಗ್ರಹಕ್ಕೆ ಸರಕು ಸಾಗಣೆ ನಡೆದೇ ಇದೆ. 2023ರ ಸೆಪ್ಟೆಂಬರಿನಲ್ಲಿ ನಾಸಾ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದಿಂದ 120 ಗ್ರಾಮಿನಷ್ಟು ಮಣ್ಣು ತಂದಿತು. ಭೂಮಿಯ ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿವೆ. ಡಿಎನ್‌ಎ, ಆರ್‌ಎನ್‌ಎಗೆ ಬೇಕಾದ ಐದೂ ಅಕ್ಷರಗಳೂ ಇವೆ. ಇದನ್ನು 2025ರ ಜನವರಿಯಲ್ಲಿ ಪ್ರಕಟಿಸುವಾಗ ವಿಜ್ಞಾನಿಗಳು ಒಂದು ಸೂಕ್ಷ್ಮವನ್ನೂ ಹೇಳಿದರು. ಅಮೈನೋ ಆಮ್ಲಗಳಲ್ಲಿ ಎಡಗೈ ಬಲಗೈಯಂತೆ ಎರಡು ಕನ್ನಡಿ ರೂಪಗಳಿವೆ. ಭೂಮಿಯ ಜೀವಿಗಳ ಪ್ರೋಟೀನುಗಳು ಎಡದ ರೂಪವನ್ನಷ್ಟೇ ಬಳಸುತ್ತವೆ. ಬೆನ್ನುವಿನ ಮಣ್ಣಿನಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ಇಟ್ಟಿಗೆಗಳು ಎಲ್ಲೆಡೆ ಒಂದೇ ಇರಬಹುದು, ಮನೆ ಕಟ್ಟಿದವರು ಒಂದೇ ಎಂದು ಅದರಿಂದ ಹೇಳಲಾಗದು.

ನಾಳೆ ಯಾವುದೋ ಲೋಕದ ಜೀವಿ ಸಿಕ್ಕರೆ ಅದು ನಮ್ಮ ನೆಂಟನೋ ಅಲ್ಲವೋ ಎಂದು ತಿಳಿಯುವ ಬಗೆಯೂ ಇದೇ. ಅದರ ಮುಖ ನೋಡಬೇಕಿಲ್ಲ, ಕೈಕಾಲು ಎಣಿಸಬೇಕಿಲ್ಲ. ಎಡದ ಅಮೈನೋ ಆಮ್ಲವೇ ಇದೆಯೇ? ಡಿಎನ್‌ಎಯ ಮೂರಕ್ಷರಕ್ಕೆ ಒಂದು ಅಮೈನೋ ಆಮ್ಲ ಎಂಬ ನಮ್ಮದೇ ಕೋಷ್ಟಕ ಅಲ್ಲೂ ಇದೆಯೇ? ಎರಡೂ ಹೊಂದಿದರೆ ಅದು ಸಮುದ್ರದಂತೆ ಹರಡಿಕೊಂಡಿದ್ದರೂ ನಂಟೇ. ಹೊಂದದಿದ್ದರೆ, ಥೇಟ್ ‘ಪಿಕೆ’ಯ ಆಮೀರ್ ಖಾನ್‌ನಂತೆ ಎದುರಿಗೆ ಬಂದು ನಿಂತರೂ ಪರಕೀಯವೇ.

ನೆಂಟರ ರೂಪ ನಮ್ಮಂತಿರಬೇಕಿಲ್ಲ ಎಂಬ ಈ ಮಾತು ಉತ್ಪ್ರೇಕ್ಷೆ ಅನ್ನಿಸಿದರೆ ಕಬಿನಿ ದಂಡೆಗೆ ಬರಬೇಕು. ಬೇಸಿಗೆಯಲ್ಲಿ ಬೀಚನಹಳ್ಳಿ ಅಣೆಕಟ್ಟೆಯ ಹಿನ್ನೀರು ಇಳಿದು ಕೆರೆಯಂಗಳದಂಥ ಬಯಲಿನಲ್ಲಿ ಹುಲ್ಲು ಚಿಗುರಿದಾಗ ನಾಗರಹೊಳೆ, ಬಂಡೀಪುರ ಎರಡೂ ಕಡೆಯಿಂದ ಆನೆಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಸರಗೂರು, ಹೆಗ್ಗಡದೇವನಕೋಟೆ ಸೀಮೆಯ ರೈತರಿಗೆ ಆನೆಯೆಂದರೆ ಕೌತುಕಕ್ಕಿಂತ ಹೆಚ್ಚಾಗಿ ರಾತ್ರಿ ಕಾವಲಿನ, ತುಳಿದುಹೋದ ಬೆಳೆಯ ವಿಷಯ. ಅವರಿಗೆ ಅದರ ಬುದ್ಧಿಯನ್ನು ಯಾರೂ ವಿವರಿಸಬೇಕಿಲ್ಲ. ಕಂದಕ ತೋಡಿದರೆ ಮಣ್ಣು ಕೆಡವಿ ಇಳಿಯುತ್ತದೆ, ತಂತಿ ಕಟ್ಟಿದರೆ ಮರ ಬೀಳಿಸಿ ದಾಟುತ್ತದೆ.

ಆನೆಗೂ ಮನುಷ್ಯನಿಗೂ ಮೂಲ ಒಂದೇ. ಸುಮಾರು ಹತ್ತು ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ ಬದುಕಿದ್ದ ಒಂದು ಚಿಕ್ಕ ಸಸ್ತನಿ ಇಬ್ಬರಿಗೂ ಪೂರ್ವಜ. ಆಮೇಲೆ ದಾರಿ ಕವಲೊಡೆಯಿತು. ಇವತ್ತು ಆನೆಯ ಮಿದುಳಿನಲ್ಲಿ 25,700 ಕೋಟಿ ನರಕೋಶಗಳಿವೆ, ನಮ್ಮದರಲ್ಲಿ 8,600 ಕೋಟಿ. ಆದರೆ ಆನೆಯವುಗಳಲ್ಲಿ ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಇರುವುದು ಹಿಂಮಿದುಳಿನಲ್ಲಿ; ಸೊಂಡಿಲಿನಂಥ ಅಂಗವನ್ನು ಆಡಿಸಲು ಅಷ್ಟು ಬೇಕಾಗಬಹುದೆಂದು ಊಹೆ. ಆ ಸೊಂಡಿಲು ಮೂಗೂ ಹೌದು, ಕೈಯೂ ಹೌದು. 1984ರಲ್ಲಿ ಅಮೆರಿಕದ ಕೇಟಿ ಪೇನ್ ಪೋರ್ಟ್‌ಲೆಂಡಿನ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಾಗ ಗಾಳಿಯಲ್ಲಿ ಒಂದು ನಡುಕ ಅನುಭವಿಸಿದರು. ಮನುಷ್ಯನ ಕಿವಿಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಆನೆಗಳು ಮಾತಾಡುತ್ತವೆ ಎಂದು ಗೊತ್ತಾದದ್ದು ಹಾಗೆ. ಸಾವಿರಾರು ವರ್ಷ ಆನೆಯನ್ನು ಪಳಗಿಸಿದ, ಅಂಬಾರಿ ಹೊರಿಸಿದ, ಗಣಪತಿಯ ಮುಖದಲ್ಲಿ ಪೂಜಿಸಿದ ಮನುಷ್ಯನಿಗೆ ಅದರ ಮಾತಿನ ಅರ್ಧಭಾಗ ಕೇಳಿಸಿಯೇ ಇರಲಿಲ್ಲ.

2005ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಹ್ಯಾಪಿ ಎಂಬ ಆನೆ ಕನ್ನಡಿ ನೋಡಿ ತನ್ನ ಹಣೆಗೆ ಬಳಿದಿದ್ದ ಗುರುತನ್ನು ಸೊಂಡಿಲಿನಿಂದ ಮುಟ್ಟಿಕೊಂಡಿತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ.ಎನ್.ಸಿ. ವಿದ್ಯಾ ಅವರ ತಂಡ 2009ರಿಂದ ಕಬಿನಿಯ ಆನೆಗಳನ್ನು ಒಂದೊಂದಾಗಿ ಗುರುತಿಸಿ ಅವುಗಳ ಸಂಸಾರ, ಸ್ನೇಹ, ಜಗಳಗಳನ್ನು ದಾಖಲಿಸುತ್ತಿದೆ. ಇಷ್ಟು ದುಡಿದ ಮೇಲೂ ಆ ಹಿಂಡು ಏನು ಯೋಚಿಸುತ್ತಿದೆ ಎಂದು ಯಾರೂ ಹೇಳಲಾರರು. ಒಂದೇ ಗ್ರಹ, ಒಂದೇ ಡಿಎನ್‌ಎ, ಒಂದೇ ಹಾಲೂಡುವ ವಂಶ; ಆದರೂ ಇಷ್ಟು ಅಂತರ. ಹಾಗಿರುವಾಗ ನಾಲ್ಕು ಶತಕೋಟಿ ವರ್ಷದ ಹಿಂದೆ ಯಾರೋ ಬಿತ್ತಿದ ಬ್ಯಾಕ್ಟೀರಿಯಾ ಎರಡು ಗ್ರಹಗಳಲ್ಲಿ ಒಂದೇ ಮೂಗು, ಒಂದೇ ಹುಬ್ಬು ಬೆಳೆಸೀತೆಂದು ನಂಬುವುದು ಕಷ್ಟ.

ಇದೇ ಕಾಡಿನಲ್ಲಿ ವಾದದ ಇನ್ನೊಂದು ಮಗ್ಗುಲೂ ಓಡಾಡುತ್ತಿದೆ. ನಾಗರಹೊಳೆಯ ಕೆನ್ನಾಯಿಗಳು ಗುಂಪು ಕಟ್ಟಿ ಜಿಂಕೆ ಅಟ್ಟುತ್ತವೆ. ಮೈಸೂರಿನ ಕೃಪಾಕರ-ಸೇನಾನಿ ವರ್ಷಗಟ್ಟಲೆ ಬೆನ್ನುಹತ್ತಿ ಚಿತ್ರಿಸಿದ ಪ್ರಾಣಿ ಅದು. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ನಾಯಿಯಂತೆಯೇ ಮೂತಿ, ದವಡೆ, ಕೋರೆಹಲ್ಲು ಇದ್ದ ಬೇಟೆಗಾರ ಪ್ರಾಣಿಯೊಂದಿತ್ತು, ಥೈಲಸೀನ್. ಕೊನೆಯದು 1936ರ ಸೆಪ್ಟೆಂಬರಿನಲ್ಲಿ ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿತು. ಅದರ ತಲೆಬುರುಡೆಯನ್ನೂ ತೋಳದ ಬುರುಡೆಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳೇ ತಬ್ಬಿಬ್ಬಾಗುತ್ತಾರೆ. ಆದರೆ ಥೈಲಸೀನ್ ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಸಾಕುವ ವಂಶದ್ದು. ನಾಯಿಯ ವಂಶದಿಂದ ಬೇರೆಯಾಗಿ ಸುಮಾರು ಹದಿನಾರು ಕೋಟಿ ವರ್ಷವಾಗಿತ್ತು. ಅಟ್ಟಿ ಹಿಡಿದು ಮಾಂಸ ಸಿಗಿಯುವ ಕಸುಬು ಎರಡಕ್ಕೂ ಒಂದೇ ಮುಖ ಕೊಟ್ಟಿತ್ತು. ನಮ್ಮ ಕಾಡಿನ ಹಾರುಬೆಕ್ಕು ಅಳಿಲಿನ ಜಾತಿ. ಆಸ್ಟ್ರೇಲಿಯಾದಲ್ಲಿ ಅದರಂತೆಯೇ ಪಕ್ಕೆಯ ಚರ್ಮ ಹರಡಿ ಮರದಿಂದ ಮರಕ್ಕೆ ತೇಲುವ ಪ್ರಾಣಿ ಮತ್ತೆ ಹೊಟ್ಟೆಚೀಲದ್ದೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಕಾದಂಬರಿಯಲ್ಲಿ ಊರವರೆಲ್ಲ ಹುಡುಕಿ ಹೊರಡುವ ಹಾರುವ ಓತಿ ಹಿಡಿದದ್ದೂ ಇದೇ ಉಪಾಯ, ಅದೂ ಪಕ್ಕೆಲುಬುಗಳನ್ನು ಚಾಚಿ.

ಆದ್ದರಿಂದ ಹೋಲಿಕೆ ಕಂಡಾಕ್ಷಣ ನೆಂಟಸ್ತನ ಹೇಳುವಂತಿಲ್ಲ. ಅನ್ಯಗ್ರಹದವರು ನಮ್ಮಂತಿದ್ದರೆ ಅದಕ್ಕೆ ಒಂದೇ ಮೂಲ ಬೇಕಿಲ್ಲ, ಒಂದೇ ಬಗೆಯ ಬದುಕು ಸಾಕು ಎನ್ನುವ ವಿಜ್ಞಾನಿಗಳಿದ್ದಾರೆ. ಕೇಂಬ್ರಿಜ್‌ನ ಸೈಮನ್ ಕಾನ್ವೇ ಮಾರಿಸ್ 2003ರ ತಮ್ಮ ಪುಸ್ತಕದಲ್ಲಿ ಇಂಥ ನೂರಾರು ಉದಾಹರಣೆ ಕೊಟ್ಟು, ಭೂಮಿಯಂಥ ಗ್ರಹವಿದ್ದರೆ ಮನುಷ್ಯನಂಥ ಬುದ್ಧಿಜೀವಿ ಬರುವುದು ಬಹುಪಾಲು ಖಾತ್ರಿ ಎಂದು ವಾದಿಸಿದರು. 1982ರಲ್ಲಿ ಕೆನಡಾದ ಡೇಲ್ ರಸೆಲ್, ಡೈನೋಸಾರ್‌ಗಳು ಅಳಿಯದೆ ಉಳಿದಿದ್ದರೆ ಅವುಗಳಲ್ಲೊಂದು ಎರಡು ಕಾಲಿನ, ದೊಡ್ಡ ತಲೆಯ ರೂಪ ತಳೆಯುತ್ತಿತ್ತೆಂದು ಪ್ರತಿಮೆಯನ್ನೇ ಮಾಡಿಸಿ ತೋರಿಸಿದರು. ಎದುರು ಪಕ್ಷದಲ್ಲಿ ಸ್ಟೀಫನ್ ಜೇ ಗೂಲ್ಡ್. ಜೀವವಿಕಾಸದ ಸುರುಳಿಯನ್ನು ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದರೆ ಮನುಷ್ಯ ಮತ್ತೊಮ್ಮೆ ಬರುವುದಿಲ್ಲ ಎಂದು ಅವರು 1989ರಲ್ಲಿ ಬರೆದರು. ಅವರಿಗೂ ಮೊದಲೇ, 1964ರಲ್ಲಿ, ಜಾರ್ಜ್ ಗೇಲಾರ್ಡ್ ಸಿಂಪ್ಸನ್ ‘ಸೈನ್ಸ್’ ಪತ್ರಿಕೆಯಲ್ಲಿ ಮನುಷ್ಯಾಕಾರದ ಜೀವಿಗಳು ಬೇರೆಲ್ಲೂ ಇರುವ ಸಂಭವ ನಗಣ್ಯವೆಂದು ಹೇಳಿದ್ದರು.

ಕಬಿನಿಯ ಕಾಡು ಈ ಜಗಳದಲ್ಲಿ ಗೂಲ್ಡ್, ಸಿಂಪ್ಸನ್ ಕಡೆಗೇ ವಾಲುತ್ತದೆ. ದವಡೆ, ರೆಕ್ಕೆ, ಕಣ್ಣು ಮತ್ತೆ ಮತ್ತೆ ಹುಟ್ಟಿವೆ, ಸರಿ. ಬುದ್ಧಿಯೂ ಒಂದಕ್ಕಿಂತ ಹೆಚ್ಚು ಸಲ ಹುಟ್ಟಿದೆ. ಆದರೆ ಆನೆಯಲ್ಲಿ ಹುಟ್ಟಿದಾಗ ಅದು ನಾಲ್ಕು ಕಾಲಿನ ಮೇಲೆ ನಿಂತಿತು. ಆಕ್ಟೊಪಸ್‌ನಲ್ಲಿ ಹುಟ್ಟಿದಾಗ ನರಕೋಶಗಳ ಮೂರನೇ ಎರಡು ಪಾಲು ಎಂಟು ತೋಳುಗಳಲ್ಲಿ ಹಂಚಿಹೋಯಿತು. ಎರಡು ಕಾಲು, ಎರಡು ಕೈ, ಮುಂದೆ ನೋಡುವ ಮುಖ, ಈ ಮೂರೂ ಬುದ್ಧಿಯ ಜೊತೆ ಕೂಡಿಬಂದದ್ದು ಒಂದೇ ಸಲ. ಪ್ಯಾನ್‌ಸ್ಪರ್ಮಿಯಾದ ಕಟ್ಟಾಳು ಹಾಯ್ಲ್ ಕೂಡ 1957ರಲ್ಲಿ ಕಾದಂಬರಿ ಬರೆಯುವಾಗ ತನ್ನ ಅನ್ಯಲೋಕದ ಬುದ್ಧಿಜೀವಿಗೆ ಮನುಷ್ಯನ ಮೈ ಕೊಡಲಿಲ್ಲ. ಸೂರ್ಯನನ್ನೇ ಮರೆಮಾಡುವ ಒಂದು ಕಪ್ಪು ಮೋಡವನ್ನಾಗಿಸಿದರು. ಜೀವಬೀಜ ಎಲ್ಲೆಡೆ ಒಂದೇ ಎಂದು ನಂಬಿದವರೇ ರೂಪದ ವಿಷಯದಲ್ಲಿ ಅಷ್ಟು ದೂರ ಹೋದದ್ದು ಈ ಚರ್ಚೆಯಲ್ಲಿ ಸಾಕಷ್ಟು ತೂಕದ ಸಾಕ್ಷಿ.

ಹಾಗಾದರೆ ಪಿಕೆಯಂಥವನಿಗೆ ಉಳಿಯುವ ದಾರಿ ಒಂದೇ. ಅವನ ಪೂರ್ವಿಕರು ಮನುಷ್ಯರೇ ಆಗಿದ್ದು, ತೀರ ಇತ್ತೀಚೆಗೆ, ಲಕ್ಷಗಳ ಲೆಕ್ಕದ ವರ್ಷಗಳ ಒಳಗೆ ಅಗಲಿಹೋಗಿರಬೇಕು. ವಿಜ್ಞಾನ ಕಥೆಯ ಅತ್ಯುತ್ತಮ ಲೇಖಕಿಯರಲ್ಲಿ ಒಬ್ಬರಾದ ಅರ್ಸುಲಾ ಲೆ ಗ್ವಿನ್ ಹಿಡಿದದ್ದು ಈ ದಾರಿಯನ್ನೇ. ಅವರ ಕಥೆಗಳಲ್ಲಿ ಹೈನ್ ಎಂಬ ಗ್ರಹದ ಜನ ಬಹು ಹಿಂದೆ ಹಲವು ಲೋಕಗಳಲ್ಲಿ ನೆಲೆಸಿದವರು. ಭೂಮಿಯವರೂ ಅವರ ವಂಶವೇ. ಆಮೇಲೆ ಸಂಪರ್ಕ ಕಡಿದು, ಒಂದೊಂದು ಲೋಕದವರು ಒಂದೊಂದು ರೀತಿಯಾದರು. 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯ ಹಿಮಗ್ರಹದಲ್ಲಿ ಗಂಡು ಹೆಣ್ಣೆಂಬ ಸ್ಥಿರ ಭೇದವೇ ಇಲ್ಲ. ಅದೇ ವ್ಯಕ್ತಿ ಒಮ್ಮೆ ತಾಯಿಯಾಗಬಹುದು, ಇನ್ನೊಮ್ಮೆ ತಂದೆ. ಲೆ ಗ್ವಿನ್ ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ಮೂಲ ಯಾವುದು ಎಂಬುದಕ್ಕಿಂತ ಮೂಲ ಒಂದೇ ಎಂದು ಗೊತ್ತಾದ ಮೇಲೂ ಮನುಷ್ಯ ಮನುಷ್ಯನನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದು ಆ ಮಗಳ ಪ್ರಶ್ನೆಯಾಯಿತು.

ಅದರ ಅತ್ಯಂತ ಕಟುವಾದ ರೂಪ 1972ರಲ್ಲಿ ಪ್ರಕಟವಾದ ‘ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್’. ಭೂಮಿಯಲ್ಲಿ ಮರ ಮುಗಿದಿದೆ. ಮರಕ್ಕಾಗಿ ಭೂಮಿಯವರು ಕಾಡೇ ತುಂಬಿದ ಇನ್ನೊಂದು ಗ್ರಹಕ್ಕೆ ಹೋಗಿ ಇಳಿಯುತ್ತಾರೆ. ಅಲ್ಲಿನ ಜನ ಮೀಟರಿನಷ್ಟು ಎತ್ತರ, ಮೈಮೇಲೆ ಹಸಿರು ರೋಮ. ಅವರೂ 'ಹೈನ್' ವಂಶದವರೇ, ಅಂದರೆ ಮನುಷ್ಯರೇ. ವಿಜ್ಞಾನ ಹಾಗೆ ಹೇಳುತ್ತದೆ. ಆದರೆ ಮರ ಕಡಿಸುವ ಅಧಿಕಾರಿ ಅದನ್ನು ಒಪ್ಪುವುದಿಲ್ಲ; ಅವರನ್ನು ಕೂಲಿಗೆ ಹಿಡಿಯುತ್ತಾನೆ, ಹಿಂಸಿಸುತ್ತಾನೆ. ಅವರ ಭಾಷೆ ಕಲಿತು, ಇವರು ನಮ್ಮವರೇ ಎಂದು ವರದಿ ಬರೆಯುವ ಮಾನವಶಾಸ್ತ್ರಜ್ಞನ ಮಾತು ಕಡತದಲ್ಲೇ ಉಳಿಯುತ್ತದೆ. ಮುಂದುವರಿದ ಅನ್ಯಗ್ರಹದವರು ಈ ಕಥೆಯಲ್ಲಿ ನಾವೇ.

ಎಚ್.ಡಿ. ಕೋಟೆ ಸೀಮೆಯಲ್ಲಿ ಇದನ್ನು ಓದುವವರಿಗೆ ಬೇರೆ ಗ್ರಹ ಕಲ್ಪಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಮಾಸ್ತಿಯವರು 1938ರಷ್ಟು ಹಿಂದೆಯೇ ‘ಕಾಕನಕೋಟೆ’ ನಾಟಕದಲ್ಲಿ ಈ ಕಾಡಿನ ಕುರುಬರನ್ನೂ ನಾಡಿನ ಅಧಿಕಾರವನ್ನೂ ಮುಖಾಮುಖಿ ನಿಲ್ಲಿಸಿದ್ದರು, 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದಾಗ ಕುರುಬರ ಮುಖಂಡ ಕಾಚನಾಯಕನ ಪಾತ್ರದಲ್ಲಿ ಲೋಕೇಶ್ ನಟಿಸಿದರು. ಅದೇ ಕಾಕನಕೋಟೆಯ ಖೆಡ್ಡಾದಲ್ಲಿ 1968ರಲ್ಲಿ ಹಿಡಿದ ಆನೆ ಅರ್ಜುನ ಮುಂದೆ ಬಳ್ಳೆ ಶಿಬಿರದಲ್ಲಿದ್ದು, ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರಿನಲ್ಲಿ ಕಾಡಾನೆಯ ಜೊತೆ ಸೆಣಸಿ ಅವನು ಸತ್ತಾಗ ನಾಡೆಲ್ಲ ಮರುಗಿತು. ಇಂಥ ಆನೆಗಳನ್ನು ನೋಡಿಕೊಳ್ಳುವ ಮಾವುತ, ಕಾವಾಡಿಗಳಲ್ಲಿ ಹಲವರು ಜೇನುಕುರುಬರು. ಆನೆಯ ಮನಸ್ಸು ಬಲ್ಲವರು ಯಾರಾದರೂ ಇದ್ದರೆ, ಅಂದರೆ ಬೇರೊಂದು ಬುದ್ಧಿಯ ಜೊತೆ ದಿನವೂ ಬಾಳಿದವರು ಇದ್ದರೆ, ಅವರೇ.

ಆ ಜೇನುಕುರುಬರ ಹಾಡಿಗಳು 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಎದ್ದಾಗ, ಮುಂದೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಾಗ ಕಾಡಿನಿಂದ ಹೊರಬಿದ್ದವು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳು ಹಾಗೆ ಹುಟ್ಟಿದವು. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರ್ಕಾರ ಗುರುತಿಸಿರುವುದು ಎರಡನ್ನೇ, ಜೇನುಕುರುಬ ಮತ್ತು ಕೊರಗ. ಇಲ್ಲಿ ಮೂಲದ ಬಗ್ಗೆ ಯಾವ ಅನುಮಾನವೂ ಇಲ್ಲ. ಆಫ್ರಿಕಾದಿಂದ ಹೊರಟ ಒಂದೇ ಮನುಷ್ಯಕುಲ ನಾವೆಲ್ಲ. ಭೂಮಿಯ ಯಾವ ಇಬ್ಬರ ಡಿಎನ್‌ಎ ತಾಳೆ ನೋಡಿದರೂ ನೂರಕ್ಕೆ 99.9ರಷ್ಟು ಒಂದೇ. ಆದರೂ ಊರಿನವರು ಕಾಡಿನವರನ್ನು ಕಂಡದ್ದು ಎಷ್ಟೋ ಸಲ ಬೇರೆ ಗ್ರಹದವರಂತೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಇವರಿಗೆ ಕಾಡಿನ ಮೇಲೆ ಹಕ್ಕು ಕೇಳುವ ದಾರಿ ತೆರೆಯಿತು. ಕೇಳಲು ಸಾಕ್ಷ್ಯ ಬೇಕು. ಸರ್ಕಾರಿ ಕಾಗದ ಇಲ್ಲದವರಿಗೆ ನಿಯಮಗಳು ಬೇರೆ ಸಾಕ್ಷ್ಯಗಳನ್ನೂ ಒಪ್ಪುತ್ತವೆ. ಹಳೆಯ ಬಾವಿ, ಪೂರ್ವಿಕರನ್ನು ಮಣ್ಣು ಮಾಡಿದ ಜಾಗ, ದೇವರ ನೆಲೆ, ಹಾಡಿಯ ಹಿರಿಯರು ಹೇಳಿ ಬರೆಸಿದ ಮಾತು, ಇವೆಲ್ಲ ಅದರಲ್ಲಿವೆ. ತಾವು ಎಲ್ಲಿಂದ ಬಂದವರು ಎಂಬುದಕ್ಕೆ ಕಬಿನಿ ದಂಡೆಯ ಜನ ಇಂಥ ಗುರುತುಗಳನ್ನು ತೋರಿಸುತ್ತ, ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಅರ್ಜಿ ಹಿಡಿದು ನಡೆಯುತ್ತಿದ್ದಾರೆ.